ಕ್ಯಾಮರಾದ ಕವಚವೂ ಸಿಹಿನೀರೂ

ಜೊಯಿಡಾ ತಾಲ್ಲೂಕಿನಲ್ಲಿ ಹುಟ್ಟಿ, ಸೂಪಾದ 101 ಮೀಟರ್ ಎತ್ತರದ ಅಣೆಕಟ್ಟಿನ ಹಿಂದೆ ತಂಗಿ, ಕಾರವಾರದ ಬಳಿ ಅರಬ್ಬೀ ಸಮುದ್ರವನ್ನು ಸೇರುವ ಕಾಳಿ ನದಿಯನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಬಲ್ಲರು. ಗಣೇಶಗುಡಿಯ ಬಳಿ ರಬ್ಬರ್ ದೋಣಿಯೇರಿ ನೊರೆನೀರಿನಲ್ಲಿ ಸಾಗುವ ತರುಣರ ಕೈಯಲ್ಲಿ ಜಲನಿರೋಧಕ ಕವಚವನ್ನು ತೊಟ್ಟ ಪುಟ್ಟ ಕ್ಯಾಮರಾ ಕಾಣುವುದುಂಟು. ಇದೇ ಜಿಲ್ಲೆಯ ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಬಳಿ ಕಡಲಿನಲ್ಲಿ ಮುಳುಗಿ ಚಿತ್ರ ತೆಗೆಯುವವರೂ ಇದ್ದಾರೆ. ಕಡಲಿಗೆ ಹೋದವರು ಉಪ್ಪಿಗೆ ಹೆದರಿಯಾದರೂ ಕವಚವನ್ನು ತೊಳೆಯುತ್ತಾರೆ. ನದಿಗೆ ಹೋದವರಾದರೋ, ಸಿಹಿನೀರಿಗೆ ತೊಳೆಯುವುದೇಕೆ ಎಂದು ಟವೆಲಿನಿಂದ ಒರಸಿ ಚೀಲಕ್ಕೆ ಸೇರಿಸುತ್ತಾರೆ. ಈ ನಂಬಿಕೆ ಕ್ಯಾಮರಾಕ್ಕೆ ಉಪ್ಪಿನಷ್ಟೇ ಶತ್ರು ಎಂಬುದು ನನ್ನ ಅಭಿಪ್ರಾಯ.

ಕ್ಯಾಮರಾವನ್ನು ನೀರಿಗಿಳಿಸುವ ಸಾಹಸ ಹೊಸದಲ್ಲ. 1856ರಲ್ಲಿ ಇಂಗ್ಲೆಂಡಿನ ವಿಲಿಯಂ ಥಾಂಪ್ಸನ್ ಎಂಬವರು ವೇಮತ್ ಕೊಲ್ಲಿಯಲ್ಲಿ ಪೆಟ್ಟಿಗೆಯೊಳಗಿಟ್ಟ ಕ್ಯಾಮರಾವನ್ನು ಸಮುದ್ರದ ತಳಕ್ಕೆ ಇಳಿಸಿದರು. ಪೆಟ್ಟಿಗೆಯೊಳಗೆ ನೀರು ನುಗ್ಗಿತು. ಆದರೂ ಗಾಜಿನ ಫಲಕದ ಮೇಲೆ ಮಸುಕಾದ ಚಿತ್ರವೊಂದು ಉಳಿಯಿತು. ವಿದ್ಯುತ್ ಮಂಡಲಗಳಿಂದ ತುಂಬಿದ ಇಂದಿನ ಕ್ಯಾಮರಾದಿಂದ ಅಷ್ಟು ಔದಾರ್ಯವನ್ನು ನಿರೀಕ್ಷಿಸುವಂತಿಲ್ಲ.

ಕವಚದ ಪ್ರಾಣವಿರುವುದು ಅದರ ಬಾಗಿಲಿನ ಅಂಚಿನ ರಬ್ಬರ್ ಉಂಗುರದಲ್ಲಿ. ಇದಕ್ಕೆ ಓ-ರಿಂಗ್ ಎಂದು ಹೆಸರು. ಪ್ರೆಷರ್ ಕುಕ್ಕರಿನ ಗ್ಯಾಸ್ಕೆಟ್ಟನ್ನು ನೋಡಿದವರಿಗೆ ಇದರ ಕೆಲಸವನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಹಬೆಯನ್ನು ಒಳಗೆ ತಡೆಯುವುದು, ಇಲ್ಲಿ ನೀರನ್ನು ಹೊರಗೆ ತಡೆಯುವುದು, ಇಷ್ಟೇ ಭೇದ. ನೀರಿನಲ್ಲಿ 10 ಮೀಟರ್ ಇಳಿದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 1 ಕಿಲೋಗ್ರಾಂ ಭಾರದ ಒತ್ತಡ ಹೆಚ್ಚುತ್ತದೆ. ಅಂದರೆ 10 ಸೆಂಟಿಮೀಟರ್ ಉದ್ದಗಲದ ಬಾಗಿಲನ್ನು ನೀರು ಸುಮಾರು 100 ಕಿಲೋಗ್ರಾಂ ಭಾರದಿಂದ ಉಂಗುರದ ಮೇಲೆ ಅದುಮುತ್ತದೆ. ಅರ್ಧ ಮೀಟರ್ ಆಳದಲ್ಲಾದರೋ ಆ ಭಾರ ಕೇವಲ 5 ಕಿಲೋಗ್ರಾಂ. ಆದ್ದರಿಂದ ಉಂಗುರದ ಮೇಲೆ ಕೂದಲೊಂದು ಸಿಕ್ಕಿಕೊಂಡಿದ್ದರೆ ಮೇಲ್ಮಟ್ಟದಲ್ಲಿಯೇ ನೀರು ಒಸರುವ ಸಂಭವ ಹೆಚ್ಚು. ‘ನಾವೇನು ಆಳಕ್ಕೆ ಇಳಿಯುವುದಿಲ್ಲವಲ್ಲ’ ಎಂಬ ದೋಣಿಯವರ ಸಮಾಧಾನಕ್ಕೆ ಆಧಾರವೆಲ್ಲಿ?

ಇನ್ನು ನದಿಯ ಮರಳು. ಅದರ ಬಹುಭಾಗ ಸ್ಫಟಿಕಶಿಲೆಯ ಕಣ, ಗಾಜನ್ನೇ ಗೀರಬಲ್ಲದು. ಕವಚದ ಪ್ಲಾಸ್ಟಿಕ್ಕು ಗಾಜಿಗಿಂತ ಎಷ್ಟೋ ಮೃದು. ಒಣ ಟವೆಲಿನಿಂದ ತಿಕ್ಕುವವನು ತನ್ನ ಕೈಯಾರೆ ಕವಚದ ಕಿಟಕಿಗೆ ಉಪ್ಪುಕಾಗದ ಹಾಕಿದಂತೆ. ಗುಂಡಿಗಳ ಸಂದಿನಲ್ಲಿ ಒಣಗಿದ ಕೆಸರು ಅಲ್ಲಿರುವ ಸಣ್ಣ ಉಂಗುರಗಳನ್ನು ಪ್ರತಿ ಒತ್ತಿಗೂ ಸವೆಸುತ್ತದೆ. ಕೆಸರು ಒಣಗುವ ಮೊದಲೇ, ಮುಚ್ಚಿದ ಕವಚವನ್ನು ಒಂದು ಬಕೆಟ್ ಶುದ್ಧ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟು, ಗುಂಡಿಗಳನ್ನೆಲ್ಲ ಹಲವು ಸಲ ಒತ್ತಿ ಬಿಡಬೇಕು. ರಭಸದ ನಲ್ಲಿಯ ಕೆಳಗೆ ಹಿಡಿಯಬಾರದು. ಧಾರೆಯು ಕಣವನ್ನು ಇನ್ನಷ್ಟು ಒಳಕ್ಕೆ ತಳ್ಳುತ್ತದೆ. ನೆರಳಿನಲ್ಲಿ ಆರಿದ ಮೇಲೆಯೇ ಬಾಗಿಲು ತೆರೆಯತಕ್ಕದ್ದು. ಸೀಮೆಎಣ್ಣೆ, ಪೆಟ್ರೋಲು, ಸ್ಪಿರಿಟ್ಟುಗಳ ಗೊಡವೆ ಬೇಡ. ಅವುಗಳಿಂದ ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡಬಹುದು.

ಗ್ರೀಸಿನ ವಿಷಯದಲ್ಲಿ ಮತ್ತೊಂದು ಭ್ರಮೆಯುಂಟು. ದಪ್ಪನಾಗಿ ಬಳಿದಷ್ಟೂ ನೀರು ತಡೆಯುವುದೆಂದು ಹಲವರ ಎಣಿಕೆ. ನೀರನ್ನು ತಡೆಯುವುದು ಅದುಮಿದ ರಬ್ಬರೇ ಹೊರತು ಗ್ರೀಸಲ್ಲ. ಉಂಗುರ ತಿರುಚಿಕೊಳ್ಳದೆ ಜಾರಿ ಕೂರುವಷ್ಟು ನುಣುಪು ಸಾಕು. ಹೆಚ್ಚಾದುದೆಲ್ಲ ಧೂಳಿಗೂ ಕೂದಲಿಗೂ ಅಂಟು. ಕವಚದೊಡನೆ ಬಂದ ಗ್ರೀಸನ್ನೇ ಬಳಸಬೇಕು. ಸಿಲಿಕೋನ್ ರಬ್ಬರಿನ ಉಂಗುರವು ಸಾಧಾರಣ ಸಿಲಿಕೋನ್ ಗ್ರೀಸಿನಿಂದಲೇ ಉಬ್ಬುವುದುಂಟು. ಕೊಬ್ಬರಿ ಎಣ್ಣೆ ತಲೆಗೇ ಇರಲಿ.

ಜೊಯಿಡಾದಂಥ ಮಳೆಕಾಡಿನ ಸೀಮೆಯಲ್ಲಿ ನೀರು ಹೊರಗಿನಿಂದಲೇ ಬರಬೇಕೆಂದಿಲ್ಲ. ತೇವದಿಂದ ತುಂಬಿದ ಗಾಳಿಯ ಒಂದು ಘನಮೀಟರಿನಲ್ಲಿ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 30 ಗ್ರಾಂ ನೀರಾವಿ ಇರಬಲ್ಲದು. 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ ಮಾತ್ರ. ಅಂಥ ಗಾಳಿಯನ್ನು ಒಳಗಿಟ್ಟು ಮುಚ್ಚಿದ ಕವಚವನ್ನು ತಣ್ಣೀರಿಗಿಳಿಸಿದರೆ ಮಿಕ್ಕ ಆವಿ ಕಿಟಕಿಯ ಮೇಲೆ ಮಂಜಾಗಿ ಕೂರುತ್ತದೆ. ಒಲೆಯ ಮುಂದೆ ಕಾಯಿಸಿ ಮುಚ್ಚುವುದರಿಂದ ಪ್ರಯೋಜನವಿಲ್ಲ. ಗಾಳಿ ಬಿಸಿಯಾದರೂ ಅದರೊಳಗಿನ ನೀರು ಅಷ್ಟೇ ಇರುತ್ತದಲ್ಲವೆ? ಸಿಲಿಕಾ ಜೆಲ್ಲಿನ ಸಣ್ಣ ಪೊಟ್ಟಣವೊಂದನ್ನು ಒಳಗಿಡುವುದೇ ಸರಿಯಾದ ಉಪಾಯ.

ಕವಚವನ್ನು ಬಿಗಿದು ತಿಂಗಳುಗಟ್ಟಲೆ ಇಡುವುದೂ ಕೆಟ್ಟ ಅಭ್ಯಾಸ. ಸದಾ ಅದುಮಿದ ಉಂಗುರ ತನ್ನ ಪುಟಿತವನ್ನು ಕಳೆದುಕೊಳ್ಳುತ್ತದೆ. 1986ರ ಜನವರಿ 28ರಂದು ಚಾಲೆಂಜರ್ ನೌಕೆಯೊಡನೆ ಏಳು ಮಂದಿ ನಾಶವಾದುದಕ್ಕೆ, ಚಳಿಯಿಂದ ಪುಟಿತ ಕಳೆದುಕೊಂಡ ಇಂಥದೇ ರಬ್ಬರ್ ಉಂಗುರ ಕಾರಣವಾಗಿತ್ತು.

ಕಾಲೇಜುಗಳ ನಿಸರ್ಗ ಸಂಘಗಳಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಕ್ಯಾಮರಾ, ಬಳಸುವವರು ಇಪ್ಪತ್ತು ಮಂದಿ. ಅದು ಕೆಟ್ಟರೆ ಆ ವರ್ಷದ ಮೀನು, ಕಪ್ಪೆಗಳ ಅಧ್ಯಯನವೇ ನಿಲ್ಲುತ್ತದೆ. ಹೆಚ್ಚು ಬೆಲೆಯ ಕವಚವನ್ನು ಕೊಳ್ಳುವ ಬದಲು, ತೊಳೆಯದೆ ಹಿಂದಿರುಗಿಸಿದವರಿಗೆ ಮತ್ತೆ ಕೊಡುವುದಿಲ್ಲವೆಂಬ ನಿಯಮವನ್ನು ಇಂಥ ಸಂಘಗಳು ಮಾಡಲಿ. ನದಿಗೆ ಹೊರಡುವ ಮುನ್ನ ಕ್ಯಾಮರಾ ಇಲ್ಲದ ಬರಿಯ ಕವಚದೊಳಗೆ ಒಣ ಕಾಗದದ ಚೂರೊಂದನ್ನಿಟ್ಟು, ಬಕೆಟ್ಟಿನಲ್ಲಿ ಕಾಲು ಗಂಟೆ ಮುಳುಗಿಸಿ ನೋಡಲಿ. ಕಾಗದ ಒದ್ದೆಯಾಗಿದ್ದರೆ ಅಂದು ಕ್ಯಾಮರಾ ದಡದಲ್ಲಿಯೇ ಇರಲಿ.