"ಆಫ್-ರೋಡ್ ಬಳಕೆಗೆ ಮಾತ್ರ"... ಯಾರ ಕಿವಿಗೆ ಹೂವು?

ಅಮೆರಿಕದಲ್ಲಿ ಡೀಸೆಲ್ ಪಿಕಪ್ ಟ್ರಕ್ ಇಟ್ಕೊಂಡಿರೋರ ಹತ್ರ ಐದು ನಿಮಿಷ ಮಾತಾಡಿ ನೋಡಿ, "ಇಜಿಆರ್ ಕಿತ್ತು ಹಾಕಿಸಿದ್ಯಾ?" ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಅದಕ್ಕೆ ಅಂತಲೇ ಡಿಲೀಟ್ ಕಿಟ್ ಸಿಗುತ್ತೆ. ಡಬ್ಬದ ಮೇಲೆ ಸಣ್ಣಕ್ಷರದಲ್ಲಿ "ಆಫ್-ರೋಡ್ ಬಳಕೆಗೆ ಮಾತ್ರ" ಅಂತ ಬರೆದಿರ್ತಾರೆ. ಅದನ್ನ ಹಾಕಿಸಿಕೊಂಡ ಗಾಡಿ ಬೆಳಿಗ್ಗೆ ಮಕ್ಕಳನ್ನ ಶಾಲೆಗೆ ಬಿಡುತ್ತೆ, ಸಂಜೆ ಹೈವೇನಲ್ಲಿ ಟ್ರೇಲರ್ ಎಳೆಯುತ್ತೆ. ಇದ್ಯಾವ ಸೀಮೆ ಆಫ್-ರೋಡ್ ಸ್ವಾಮಿ?

ಇಜಿಆರ್ ಅಂದ್ರೆ ಎಕ್ಸಾಸ್ಟ್ ಗ್ಯಾಸ್ ರಿಸರ್ಕ್ಯುಲೇಶನ್. ಎಂಜಿನ್ ಉಗುಳಿದ ಹೊಗೆಯಲ್ಲಿ ಒಂದು ಪಾಲನ್ನ ಕೂಲರ್‌ನಲ್ಲಿ ತಣಿಸಿ ಮತ್ತೆ ಸಿಲಿಂಡರಿಗೇ ಕಳಿಸೋದು. ಒಳಗೆ ಆಮ್ಲಜನಕದ ಪಾಲು ಕಮ್ಮಿಯಾಗಿ ಉರಿಯ ಬಿಸಿ ಇಳಿಯುತ್ತೆ. ಬಿಸಿ ಇಳಿದ್ರೆ ನೈಟ್ರೋಜನ್ ಆಕ್ಸೈಡ್ ಹುಟ್ಟೋದೂ ಕಮ್ಮಿ. ಬಿಸಿಲಲ್ಲಿ ಓಜೋನ್ ಆಗಲು ನೆರವಾಗಿ, ಆಸ್ತಮಾ ಇರೋ ಮಕ್ಕಳ ಉಸಿರು ಕಟ್ಟಿಸೋದು ಇದೇ ಅನಿಲ.

ಇಜಿಆರ್‌ನಿಂದ ತೊಂದರೇನೇ ಇಲ್ಲ ಅಂತ ನಾನು ಹೇಳ್ತಿಲ್ಲ. ಮಸಿ ಕಟ್ಟಿಕೊಂಡು ವಾಲ್ವ್ ಹಿಡ್ಕೊಳ್ಳೋದು ನಿಜ. 2003ರಿಂದ 2007ರವರೆಗಿನ ಫೋರ್ಡ್ 6.0 ಲೀಟರ್ ಪವರ್‌ಸ್ಟ್ರೋಕ್ ಎಂಜಿನ್ ಅಂತೂ ಇಜಿಆರ್ ಕೂಲರ್ ಒಡೆಯೋದಕ್ಕೇ ಕುಖ್ಯಾತ. ಆದ್ರೆ ಯಾಕೆ ಒಡೆಯುತ್ತೆ? ಎಷ್ಟೋ ಸಲ ಅಸಲಿ ಕಳ್ಳ ಆಯಿಲ್ ಕೂಲರ್! ಅದು ಕಟ್ಟಿಕೊಂಡ್ರೆ ಇಜಿಆರ್ ಕೂಲರಿಗೆ ಸಾಕಷ್ಟು ಕೂಲಂಟ್ ತಲುಪಲ್ಲ, ಕಾದು ಕಾದು ಒಡೆಯುತ್ತೆ. ಡಿಲೀಟ್ ಕಿಟ್ ಹಾಕಿದ್ರೆ ಕಟ್ಟಿಕೊಂಡ ಆಯಿಲ್ ಕೂಲರ್ ಎಲ್ಲಿದೆಯೋ ಅಲ್ಲೇ ಇರುತ್ತೆ. ನಾವು ಕೋಡ್ ಬರೆಯೋರ ಮಾತಲ್ಲಿ ಹೇಳೋದಾದ್ರೆ, ಬಗ್ ಹಾಗೇ ಬಿಟ್ಟು ಎರರ್ ತೋರಿಸೋ ಸಾಲನ್ನ ಕಾಮೆಂಟ್ ಮಾಡಿದ ಹಾಗೆ :-)

"ನೋಡು, ಕಿತ್ತ ಮೇಲೆ ಕರಿ ಹೊಗೇನೇ ಇಲ್ಲ" ಅಂತಾನೆ ನನ್ನ ಸಹೋದ್ಯೋಗಿ ಒಬ್ಬ. ಇರಬಹುದು ಮಾರಾಯ. ಆಮ್ಲಜನಕ, ಬಿಸಿ ಎರಡೂ ಏರಿದ್ರೆ ಮಸಿ ಸುಟ್ಟುಹೋಗುತ್ತೆ, ನೈಟ್ರೋಜನ್ ಆಕ್ಸೈಡ್ ಮಾತ್ರ ಹೆಚ್ಚಾಗುತ್ತೆ. ಕಣ್ಣಿಗೆ ಕಾಣೋ ಕೊಳೆ ಹೋಗಿ ಕಾಣದ ವಿಷ ಬಂತು, ಅಷ್ಟೇ.

"ನಾನೊಬ್ಬ ಮಾಡಿದ್ರೆ ಏನಾಗುತ್ತೆ?" ಅನ್ನೋದು ಮುಂದಿನ ವರಸೆ. ಹಿಂದಿನ ಸುಮಾರು ಹತ್ತು ವರ್ಷದಲ್ಲಿ ಹೀಗೆ ಹೊಗೆ ನಿಯಂತ್ರಣ ತೆಗೆಸಿಕೊಂಡ ಡೀಸೆಲ್ ಪಿಕಪ್‌ಗಳು 5.5 ಲಕ್ಷಕ್ಕೂ ಹೆಚ್ಚು ಅಂತ ಅಮೆರಿಕದ ಪರಿಸರ ಸಂಸ್ಥೆ ಇಪಿಎ 2020ರಲ್ಲಿ ಅಂದಾಜು ಮಾಡಿತ್ತು. ಅವು ತಮ್ಮ ಆಯುಷ್ಯದಲ್ಲಿ ಹೆಚ್ಚುವರಿಯಾಗಿ ಉಗುಳೋ ನೈಟ್ರೋಜನ್ ಆಕ್ಸೈಡ್ 5.7 ಲಕ್ಷ ಟನ್ನಿಗೂ ಮೇಲೆ. ಇದರಲ್ಲಿ ಇಜಿಆರ್ ಒಂದೇ ಅಲ್ಲ, ಬೇರೆ ಭಾಗ ಕಿತ್ತಿದ್ದೂ ಸೇರಿದೆ. ಆದ್ರೆ ಇವರೆಲ್ಲರೂ "ನಾನೊಬ್ಬ" ಅಂದವರೇ ತಾನೇ?

ಇನ್ನು ಆ ಸ್ಟಿಕ್ಕರ್ ವಿಷಯ. ರಸ್ತೆಗೆ ಅಂತ ಪ್ರಮಾಣಪತ್ರ ಪಡೆದ ಗಾಡಿಯ ಹೊಗೆ ನಿಯಂತ್ರಣ ಕೀಳೋದನ್ನೂ, ಅದಕ್ಕೆ ಭಾಗ ಮಾರೋದನ್ನೂ ಅಲ್ಲಿನ ಕ್ಲೀನ್ ಏರ್ ಆಕ್ಟ್ ನಿಷೇಧಿಸುತ್ತೆ. ಡಬ್ಬದ ಮೇಲೆ ಏನು ಬರೆದ್ರೂ ಗಾಡಿ ಅದೇ, ರಸ್ತೆ ಅದೇ. ರಸ್ತೆಗಿಳಿಯದ ಟ್ರಾಕ್ಟರು, ಬುಲ್ಡೋಜರುಗಳಿಗೂ ಅಲ್ಲಿ ಟಿಯರ್ 4 ಅನ್ನೋ ಹೊಗೆ ನಿಯಮ ಇದೆ. ಆಫ್-ರೋಡ್ ಅಂದ್ರೆ ಹೇಳೋರು ಕೇಳೋರು ಇಲ್ಲದ ಜಾಗ ಅಲ್ಲ.

ಹಾಗಾದ್ರೆ ಯಾವ ಭಾಗ ತಗೋಬೇಕು? ಗಟ್ಟಿ ಕೊಳವೆಗಳ ಇಜಿಆರ್ ಕೂಲರ್, ಹೊಸ ಆಯಿಲ್ ಕೂಲರ್, ಸರಿಯಾದ ಕೂಲಂಟ್. ವಾಲ್ವ್ ಬಿಚ್ಚಿ ತೊಳೆಸಿ. ಬದಲಿ ಭಾಗಕ್ಕೆ ಕ್ಯಾಲಿಫೋರ್ನಿಯಾದ ವಾಯು ಮಂಡಳಿ ಕೊಡೋ 'ಇಒ' ಸಂಖ್ಯೆ ಇದೆಯಾ ನೋಡಿ. ಡಿಲೀಟ್ ಕಿಟ್ಟಿಗಿಂತ ಖರ್ಚು ಜಾಸ್ತಿ ಆಗಬಹುದು, ಒಪ್ಪಿದೆ. ಆದ್ರೆ ಆ ಉಳಿತಾಯದ ಬಿಲ್ಲನ್ನ ಪಕ್ಕದ ಮನೆ ಮಗು ತನ್ನ ಇನ್‌ಹೇಲರ್ ಜೊತೆ ಯಾಕೆ ಕಟ್ಟಬೇಕು?

ನೀವೇನಂತೀರಿ?