ಝಾಂಬಿಯಾದ ತಾಮ್ರವೂ ಏಷ್ಯದ ಸ್ನೇಹವೂ

ಪರರ ಆಳಿಕೆಯಿಂದ ಬಿಡುಗಡೆ ಹೊಂದಿದ ರಾಷ್ಟ್ರಕ್ಕೆ ಧ್ವಜವು ಒಂದೇ ದಿನದಲ್ಲಿ ದೊರೆಯುವದು. ದಾರಿಯು ಹಾಗೆ ದೊರೆಯಲಾರದು. ತನ್ನ ನೆಲದ ಸಂಪತ್ತು ಯಾರ ಸೀಮೆಯನ್ನು ದಾಟಿ, ಯಾರು ಕಟ್ಟಿದ ಬೆಲೆಗೆ ಪೇಟೆಯನ್ನು ಸೇರಬೇಕೆಂಬುದನ್ನು ತಾನೇ ನಿರ್ಣಯಿಸಲಾರದ ರಾಷ್ಟ್ರದ ಸ್ವಾತಂತ್ರ್ಯವು ಅರೆ ಸ್ವಾತಂತ್ರ್ಯವೇ ಸರಿ. ಈ ಮಾತಿಗೆ ಆಫ್ರಿಕಾ ಖಂಡದ ಝಾಂಬಿಯಾ ದೇಶದಷ್ಟು ಸ್ಪಷ್ಟವಾದ ನಿದರ್ಶನವು ಬೇರೊಂದು ಸಿಕ್ಕುವದು ಕಷ್ಟ.

1964ನೆಯ ಇಸವಿಯ ಅಕ್ಟೋಬರ 24ರಂದು ಉತ್ತರ ರೊಡೇಶಿಯವು ಆಂಗ್ಲರಿಂದ ಮುಕ್ತವಾಗಿ ಝಾಂಬಿಯಾ ಎಂಬ ಹೆಸರನ್ನು ಧರಿಸಿತು. ಗಾಂಧೀಜಿಯವರ ಅಹಿಂಸಾಮಾರ್ಗವನ್ನು ಆದರಿಸಿದ ಕೆನೆಥ್ ಕೌಂಡಾ ಅವರು ಅದರ ಮೊದಲನೆಯ ಅಧ್ಯಕ್ಷರಾದರು. ದೇಶದ ನೆಲದೊಳಗೆ ವಿಪುಲವಾದ ತಾಮ್ರವುಂಟು. ಕಡಲ ತೀರವು ಮಾತ್ರ ಇಲ್ಲ. ಆ ತಾಮ್ರದ ಮುಖ್ಯ ಹಾದಿಯು ದಕ್ಷಿಣದ ರೊಡೇಶಿಯದೊಳಗಿಂದ ಹಾಯುತ್ತಿತ್ತು. 1965ರಲ್ಲಿ ಅಲ್ಲಿಯ ಅಲ್ಪಸಂಖ್ಯಾತ ಬಿಳಿಯರು ಬಹುಜನರ ಹಕ್ಕನ್ನು ತುಳಿದು ತಮ್ಮದೇ ರಾಜ್ಯವನ್ನು ಸಾರಿಕೊಂಡಾಗ, ಝಾಂಬಿಯಾದ ಕೊರಳ ಹಗ್ಗವು ವೈರಿಗಳ ಕೈಗೆ ಸಿಕ್ಕಂತಾಯಿತು. ಪೂರ್ವದ ದಾರ್-ಎಸ್-ಸಲಾಮ್ ಬಂದರಕ್ಕೆ ಹೊಸ ರೈಲು ಹಾದಿಯನ್ನು ಹಾಕಲು ನೆರವು ಬೇಡಿದರೆ, ಜಾಗತಿಕ ಬ್ಯಾಂಕೂ ಪಾಶ್ಚಾತ್ಯ ಸರಕಾರಗಳೂ ಅದರಲ್ಲಿ ಲಾಭವಿಲ್ಲವೆಂದು ಹಿಂಜರಿದವು.

ಆಗ ಮುಂದೆ ಬಂದದ್ದು ಚೀನ. ತನ್ನ ಮನೆಯಲ್ಲಿಯೇ ಬಡತನವಿದ್ದಾಗ್ಯೂ ಆ ದೇಶವು ಬಡ್ಡಿಯಿಲ್ಲದ ಸಾಲವನ್ನು ಕೊಟ್ಟು, ಸಾವಿರಾರು ಕೆಲಸಗಾರರನ್ನು ಕಳುಹಿ, 1970ರಿಂದ 1975ರ ಅವಧಿಯಲ್ಲಿ ಸುಮಾರು 1,860 ಕಿಲೋಮೀಟರಿನ ಹಾದಿಯನ್ನು ಕಾಪಿರಿ ಮ್ಪೋಶಿಯವರೆಗೆ ಹಾಕಿ ಮುಗಿಸಿತು. 60ಕ್ಕೂ ಹೆಚ್ಚು ಚೀನೀಯರು ಆ ಕೆಲಸದಲ್ಲಿ ಪ್ರಾಣ ತೆತ್ತರು. ಝಾಂಬಿಯವೂ ಉಪಕಾರವನ್ನು ಮರೆಯಲಿಲ್ಲ. 1971ರಲ್ಲಿ ಸಂಯುಕ್ತ ರಾಷ್ಟ್ರಸಂಘದೊಳಗೆ ಪೀಕಿಂಗ ಸರಕಾರಕ್ಕೆ ಚೀನದ ಸ್ಥಾನವು ಸಲ್ಲಬೇಕೆಂಬ ಗೊತ್ತುವಳಿಯನ್ನು ಮಂಡಿಸಿದವರಲ್ಲಿ ಅದೂ ಒಂದಾಗಿತ್ತು. ದುರ್ಬಲರಿಬ್ಬರು ಕೈಹಿಡಿದು ಎದ್ದು ನಿಂತ ಈ ಕಥೆಯು ಏಷ್ಯಕ್ಕೆ ಭೂಷಣವಾದುದೆಂದು ನಾವು ಸಂಕೋಚವಿಲ್ಲದೆ ಹೇಳುವೆವು.

ಆದರೆ ಕಾಲವು ಉರುಳಿದಂತೆ ಸ್ನೇಹಿತನು ಸಾಹುಕಾರನಾದನು. 1998ರಲ್ಲಿ ಚಾಂಬಿಶಿಯ ತಾಮ್ರದ ಗಣಿಯು ಚೀನೀ ಕಂಪನಿಯ ಕೈಸೇರಿತು. ಮುಂದೆ ರಸ್ತೆ, ವಿಮಾನ ನಿಲ್ದಾಣ, ವಿದ್ಯುದಾಗಾರಗಳು ಸಾಲದ ಮೇಲೆ ಎದ್ದವು. ಎಲ್ಲ ದೋಷವನ್ನೂ ಚೀನದ ತಲೆಗೆ ಕಟ್ಟುವದು ನ್ಯಾಯವಲ್ಲ. 2012ರಿಂದ 2015ರೊಳಗೆ ಪಾಶ್ಚಾತ್ಯ ಪೇಟೆಯಲ್ಲಿ ಸಾಲಪತ್ರಗಳನ್ನು ಮಾರಿ 300 ಕೋಟಿ ಡಾಲರುಗಳನ್ನು ಎತ್ತಿದವರೂ ಝಾಂಬಿಯಾದ ಅಧಿಕಾರಿಗಳೇ. 2020ರ ನವೆಂಬರದಲ್ಲಿ ಆ ಪತ್ರಗಳ ಬಡ್ಡಿಯನ್ನು ಕೊಡಲಾರದೆ ದೇಶವು ಕೈಚೆಲ್ಲಿತು. ರಿಯಾಯತಿಯನ್ನು ಕೇಳಿದರೆ ಪತ್ರ ಹಿಡಿದವರು ಒಪ್ಪಲಿಲ್ಲ. ಚೀನಕ್ಕೆ ಕೊಡತಕ್ಕ ಹಣವೆಷ್ಟು, ಯಾವ ಕರಾರಿನ ಮೇಲೆ ಎಂಬುದು ತಮಗೆ ತಿಳಿಯದು. ತಾವು ಬಿಟ್ಟುಕೊಟ್ಟ ಹಣವು ಅವರ ಬೊಕ್ಕಸಕ್ಕೆ ಹೋಗಬಾರದು ಎಂಬುದು ಅವರ ತಕರಾರು. ಕೊನೆಗೆ 2023ರ ಜೂನದಲ್ಲಿ ಸುಮಾರು 630 ಕೋಟಿ ಡಾಲರಿನ ಸರಕಾರೀ ಸಾಲದ ವಾಯಿದೆಯನ್ನು ಮುಂದೂಡಲು ಸಮ್ಮತಿ ದೊರೆಯಿತು. ಅದರಲ್ಲಿ 400 ಕೋಟಿಗೂ ಮಿಕ್ಕಿದ ಪಾಲು ಚೀನದ್ದು. ನಡುವೆ ಕಳೆದ ಎರಡೂವರೆ ವರ್ಷಗಳ ಕಷ್ಟವನ್ನು ಉಂಡವರು ಕರಾರಿಗೆ ರುಜು ಹಾಕಿದವರಲ್ಲ. ಆ ಕರಾರನ್ನು ಕಣ್ಣಿನಿಂದಲೂ ಕಾಣದ ಪ್ರಜೆಗಳು. ಕೊಟ್ಟವನು ಕೋಡಂಗಿ, ಇಸಗೊಂಡವನು ಈರಭದ್ರ ಎಂಬ ನಮ್ಮ ಗಾದೆಯು ರಾಷ್ಟ್ರಗಳ ವ್ಯವಹಾರದಲ್ಲಿ ತಲೆಕೆಳಗಾಗುವದು.

ನಾವು ಭಾರತೀಯರು ಈ ವಿಷಯದಲ್ಲಿ ದೂರ ನಿಂತು ಉಪದೇಶಿಸುವಂತಿಲ್ಲ. ಭಾರತೀಯ ಮೂಲದ ವೇದಾಂತ ಕಂಪನಿಯು 2004ರಲ್ಲಿ ಕೊಂಕೋಲಾ ಗಣಿಗಳ ನೂರಕ್ಕೆ 51ರ ಪಾಲನ್ನು ಕೊಂಡಿತು. ತಮ್ಮ ಹಳ್ಳಗಳ ನೀರು ಕೆಟ್ಟಿತೆಂದು ಚಿಂಗೋಲಾದ ರೈತರು ದೂರಿತ್ತರು. ಅವರ ಫಿರ್ಯಾದು ಇಂಗ್ಲಂಡದಲ್ಲಿಯೇ ನಡೆಯಬಹುದೆಂದು ಅಲ್ಲಿಯ ಪರಮೋಚ್ಚ ನ್ಯಾಯಾಲಯವು 2019ರಲ್ಲಿ ಹೇಳಬೇಕಾಯಿತು. 2021ರಲ್ಲಿ ಕಂಪನಿಯು ತಪ್ಪನ್ನೊಪ್ಪದೆಯೇ ರಾಜಿ ಮಾಡಿಕೊಂಡಿತು. ಏಷ್ಯದ ಬಂಧುವಿನ ಮೇಲಿನ ದೂರಿಗೆ ಹಳೆಯ ಒಡೆಯನ ಕಟಕಟೆಯನ್ನು ಹತ್ತುವ ಪ್ರಸಂಗವು ಬಂದುದು ನಮಗೆ ನಾಚಿಕೆಯ ಸಂಗತಿಯಲ್ಲವೆ? 2025ರ ಫೆಬ್ರುವರಿಯಲ್ಲಿ ಚೀನೀ ಗಣಿಯೊಂದರ ಕಸದ ಕಟ್ಟೆಯು ಒಡೆದು ಆಮ್ಲದ ರಾಡಿಯು ಕಾಫುವೆ ನದಿಯನ್ನು ಸೇರಿದಾಗ ಕಿಟ್ವೆ ನಗರದ ನೀರಿನ ಪೂರೈಕೆಯನ್ನೇ ನಿಲ್ಲಿಸಬೇಕಾಯಿತು.

ಬಳ್ಳಾರಿಯ ಜನರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರ ಕೆಂಪು ಮಣ್ಣೂ ಕಚ್ಚಾ ಅದಿರಾಗಿಯೇ ಚೀನದ ಕುಲುಮೆಗಳಿಗೆ ಹರಿದು ಹೋಯಿತು. 2010ರಲ್ಲಿ ರಾಜ್ಯವು ರಫ್ತನ್ನು, 2011ರಲ್ಲಿ ಸುಪ್ರೀಂ ಕೋರ್ಟು ಅಲ್ಲಿಯ ಗಣಿಗಾರಿಕೆಯನ್ನು ತಡೆಯುವ ಹೊತ್ತಿಗೆ ಗುಡ್ಡಗಳು ಕರಗಿದ್ದವು. ಗುಡ್ಡವನ್ನು ಮಾರಿದ ಹಣವು ಗುಡ್ಡವನ್ನು ತಿರುಗಿ ತರಲಾರದು.

ಈಗ ಝಾಂಬಿಯಾದ ಮುಂದೆ ಮತ್ತೊಂದು ಸಂಧಿಕಾಲವು ಬಂದಿದೆ. ಹಳೆಯ ರೈಲು ಹಾದಿಯನ್ನು ಜೀರ್ಣೋದ್ಧಾರ ಮಾಡುವ ಒಡಂಬಡಿಕೆಗೆ 2024ರಲ್ಲಿ ಪೀಕಿಂಗದಲ್ಲಿ ರುಜು ಬಿದ್ದಿತು. ಇತ್ತ ಅಂಗೋಲದ ಲೊಬಿಟೋ ಬಂದರಕ್ಕೆ ಪಶ್ಚಿಮದ ಹಾದಿಯನ್ನು ಬೆಳೆಸಲು ಅಮೇರಿಕವೂ ಯುರೋಪಿನ ಒಕ್ಕೂಟವೂ 2023ರಲ್ಲಿ ದಿಲ್ಲಿಯಲ್ಲಿ ನೆರೆದಾಗ ಬೆಂಬಲ ಸಾರಿದವು. 1965ರಲ್ಲಿ ಒಂದು ಹಾದಿಗಾಗಿ ಕೈಯೊಡ್ಡಿದವನ ಬಾಗಿಲಿಗೆ ಇಂದು ಎರಡು ಹಾದಿಗಳು ಬಂದಿವೆ. ಕೊಳ್ಳುವವರಿಬ್ಬರಿದ್ದಾಗ ಮಾರುವವನು ಮಾತಾಡಬಲ್ಲನು. ಪ್ರತಿಯೊಂದು ಸಾಲದ ಕರಾರೂ ರುಜುವಿಗೆ ಮೊದಲು ಪ್ರಜಾಪ್ರತಿನಿಧಿಗಳ ಎದುರಿಗೆ ಬರಲಿ. ತಾಮ್ರವು ತಂತಿಯಾಗಿ ಅಲ್ಲಿಯೇ ರೂಪುಗೊಳ್ಳಲಿ. ನೀರನ್ನು ಕೆಡಿಸಿದವನು ಅಲ್ಲಿಯ ನ್ಯಾಯಾಲಯದಲ್ಲಿಯೇ ಉತ್ತರ ಕೊಡಲಿ.

ಈ ಮೂರನ್ನು ಕೇಳುವದು ಝಾಂಬಿಯಾದ ಹಕ್ಕು. ಕೇಳುವ ಮೊದಲೇ ಕೊಡುವದು ಏಷ್ಯದ ಧರ್ಮ. ಬಿಳಿಯರ ಲೋಭವನ್ನು ನಿಂದಿಸಿ ಎದ್ದ ನಾವು ಅದೇ ತಕ್ಕಡಿಯನ್ನು ಕೈಯಲ್ಲಿ ಹಿಡಿದರೆ, ಬಂಧುತ್ವದ ನಮ್ಮ ಮಾತನ್ನು ಆಫ್ರಿಕದ ಮುಂದಿನ ಪೀಳಿಗೆಯು ನಂಬಲಾರದು; ನಂಬಲೂಬಾರದು.