ಕಣ್ಣು ಕಿರಿದು ಮಾಡಬೇಡಿ, ಅಕ್ಷರ ಹಿರಿದು ಮಾಡಿ

ಹೊಸ ಲ್ಯಾಪ್‌ಟಾಪ್ ಮನೆಗೆ ಬಂದಾಗ ಖುಷಿಯೋ ಖುಷಿ. ತೆರೆದು ನೋಡಿದರೆ ಅಕ್ಷರಗಳೆಲ್ಲ ಸಾಸಿವೆ ಕಾಳು! ‘ನನಗೆ ಚಾಳೀಸು ಬಂತು’ ಅಂತ ಸುಮ್ಮನಾಗಬೇಡಿ ಗೆಳತಿಯರೇ. ತಪ್ಪು ಕಣ್ಣಿನದೇ ಆಗಬೇಕೆಂದಿಲ್ಲ. ಹಿಂದೆ 1366×768 ಚುಕ್ಕಿಗಳಿದ್ದ ಅಳತೆಯ ಪರದೆಯಲ್ಲೇ ಈಗ 1920×1080 ಚುಕ್ಕಿಗಳಿರುತ್ತವೆ. ಚುಕ್ಕಿ ಸಣ್ಣದಾದಷ್ಟೂ ಅಕ್ಷರವೂ ಸಣ್ಣದು. ಇಂಗ್ಲಿಷನ್ನು ಹೇಗೋ ಓದಬಹುದು, ಕನ್ನಡದ ಒತ್ತಕ್ಷರ ಮಾತ್ರ ಕಾಣೋದೇ ಇಲ್ಲ.

ಹಾಗಂತ ರೆಸಲ್ಯೂಷನ್ ಇಳಿಸಬೇಡಿ, ಅಕ್ಷರ ಮಸುಕಾಗುತ್ತದೆ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ ತೆರೆದು ‘ಸ್ಕೇಲ್’ ಅನ್ನು ಶೇಕಡ 125 ಅಥವಾ 150ಕ್ಕೆ ಏರಿಸಿ. ಬ್ರೌಸರ್‌ನಲ್ಲಾದರೆ ಕಂಟ್ರೋಲ್ ಕೀ ಹಿಡಿದು ಪ್ಲಸ್ ಒತ್ತಿದರೆ ಸಾಕು. ಆಮೇಲೂ ಮಂಜಾಗಿ ಕಂಡರೆ ಕಣ್ಣಿನ ಡಾಕ್ಟರರನ್ನು ಕಾಣಿ.

ಬಂಟ್ವಾಳವಿರಲಿ, ಬೆಳ್ತಂಗಡಿಯಿರಲಿ, ಬ್ಯಾಂಕಿನ ಲೆಕ್ಕ, ಕರೆಂಟು ಬಿಲ್ಲು ಎಲ್ಲಾ ಈಗ ಪರದೆಯ ಮೇಲೇ. ‘ಸ್ವಲ್ಪ ಓದಿ ಹೇಳು ಮಗಾ’ ಅಂತ ಸಂಜೆವರೆಗೆ ಕಾಯುವುದೇಕೆ? ನಮ್ಮ ದುಡ್ಡಿನ ಲೆಕ್ಕವನ್ನು ನಾವೇ ಓದಿಕೊಳ್ಳೋದು ಒಳ್ಳೇದಲ್ವೇ? ಮೂಡುಬಿದಿರೆಯ ಧವಲಾ ತಾಳೆಗರಿಯಲ್ಲಿ ಬರೆದ ಅಕ್ಷರ ಬರೆದಷ್ಟೇ ಗಾತ್ರ. ನಿಮ್ಮ ಪರದೆಯ ಅಕ್ಷರ ಹಾಗಲ್ಲ, ಅದನ್ನು ದೊಡ್ಡದು ಮಾಡೋದು ನಿಮ್ಮ ಕೈಯಲ್ಲೇ ಇದೆ.